ಸ್ಪೋರ್ಟ್ಸ್ ಬೈಕಿನ ಹ್ಯಾಂಡಲ್ ಒಂದಿಂಚು ಎತ್ತರಿಸುವುದು ಹೇಗೆ?

ಆರ್ 15, ಆರ್‌ಸಿ 200 ತರಹದ ಗಾಡಿಗಳ ಹ್ಯಾಂಡಲ್ ತಗ್ಗಿನಲ್ಲಿರುವುದಕ್ಕೆ ಕಾರಣ ಇದೆ. ವೇಗ ಹೆಚ್ಚಿದ ಹಾಗೆ ಎದುರುಗಾಳಿ ಎದೆಗೆ ಒತ್ತಿ ಹಿಡಿಯುತ್ತದೆ. ಮೈಭಾರದಲ್ಲಿ ಒಂದು ಪಾಲನ್ನು ಗಾಳಿಯೇ ಹೊರುತ್ತದೆ. ಗಂಟೆಗೆ 40 ಕಿಲೋಮೀಟರಲ್ಲಿ ಆ ಗಾಳಿ ಎಲ್ಲಿಂದ ಬರಬೇಕು? ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಎಡನೀರು ದಾಟಿ ಚೆರ್ಕಳಕ್ಕೆ ಹೋಗುವ ದಾರಿ ನೋಡಿದವರಿಗೆ ಗೊತ್ತು. ಏರು, ಇಳಿಜಾರು, ತಿರುವು, ತಿರುವಿನಲ್ಲಿ ಬಸ್ಸು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಭಾರ ಬಂದು ಮಣಿಕಟ್ಟಿನ ಮೇಲೆ ಕೂರುತ್ತದೆ. ನಾನು ದಿನಾ ಓಡಾಡುವುದು ಇದೇ ದಾರಿಯಲ್ಲಿ. ಚೆರ್ಕಳ ಮುಟ್ಟುವಾಗ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿತ್ತು. ಆ ಎರಡು ಬೆರಳಿಗೆ ಹೋಗುವ ನರ ಅಂಗೈಯ ಹೊರಬದಿಯಲ್ಲೇ ಹಾದುಹೋಗುತ್ತದೆ, ಹ್ಯಾಂಡಲ್ ಒತ್ತುವುದೂ ಅಲ್ಲೇ.

ಹಾಗಾಗಿ ಹ್ಯಾಂಡಲ್ ಎತ್ತರಿಸಿದೆ. ಜಾಸ್ತಿ ಅಲ್ಲ, 25ರಿಂದ 30 ಮಿಲಿಮೀಟರ್, ಜೊತೆಗೆ ಸ್ವಲ್ಪ ಹಿಂದಕ್ಕೆ. ಇಷ್ಟೇ ಸಾಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದಿಂಚಿನ ಆಸುಪಾಸಿನಲ್ಲಿ ನಿಂತರೆ ಕೇಬಲ್, ಬ್ರೇಕ್ ಪೈಪ್, ವಯರ್ ಎಲ್ಲ ಹಳೆಯದೇ ನಡೆಯುವ ಸಾಧ್ಯತೆ ಜಾಸ್ತಿ. ಅದರಿಂದ ಮೇಲೆ ಹೋದರೆ ಒಂದೊಂದನ್ನೇ ಬದಲಿಸುತ್ತಾ ಹೋಗಬೇಕಾಗುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಾನೂನಿನ ಮಾತು. ಕೆಎಲ್ 14, ಅಂದರೆ ಕೇರಳದ ಕಾಸರಗೋಡು ನಂಬರಿನ ನಾವು ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವುದಕ್ಕೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಿಸಬಾರದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು, ಅದೂ ಕೇರಳದಿಂದ ಹೋದ ಪ್ರಕರಣದಲ್ಲಿ. ಅನುಮತಿ ಇಲ್ಲದ ಬದಲಾವಣೆಗೆ ಒಂದೊಂದಕ್ಕೆ 5,000 ರೂಪಾಯಿ ದಂಡ ಬೀಳಬಹುದು. ಆದ್ದರಿಂದ ಹಾಕಬೇಕೆಂದಿರುವ ಪಾರ್ಟಿನ ಫೋಟೊ, ಅಳತೆ ತೆಗೆದುಕೊಂಡು ಆರ್‌ಟಿಒ ಆಫೀಸಿನಲ್ಲಿ ಮೊದಲೇ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಖರ್ಚಿಲ್ಲದ ಕೆಲಸಗಳನ್ನು ಮೊದಲು ಮಾಡಿ ನೋಡಿ. ಬ್ರೇಕ್, ಕ್ಲಚ್ ಲಿವರುಗಳು ತುಂಬ ಮೇಲಕ್ಕೆ ತಿರುಗಿದ್ದರೆ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಸೀಟಿನಲ್ಲಿ ಕೂತು, ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರುವ ಹಾಗೆ ಲಿವರ್ ತಿರುಗಿಸಿ. ಬ್ರೇಕ್ ಹಿಡಿಯುವಾಗ ಮಂಡಿಯಿಂದ ಟ್ಯಾಂಕನ್ನು ಅಪ್ಪಿ ಹಿಡಿಯಿರಿ. ಟ್ಯಾಂಕಿನ ಬದಿಗೆ ಅಂಟಿಸುವ ರಬ್ಬರ್ ಪ್ಯಾಡ್ ಇದಕ್ಕೇ ಇರುವುದು. ಕೆಲವರ ನೋವು ಇಷ್ಟಕ್ಕೇ ಮುಗಿಯುತ್ತದೆ.

ಮುಗಿಯದಿದ್ದರೆ ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ. ಅಡಿಕೆ ಮರ ಸೀಳಿ ಮಾಡಿದ ಸಲಾಕೆಯಿಂದ 30 ಮಿಲಿಮೀಟರ್ ದಪ್ಪದ ತುಂಡು ಕತ್ತರಿಸಿ. ಬಲಗಡೆಯ ಬ್ರೇಕ್ ಮಾಸ್ಟರ್ ಸಿಲಿಂಡರನ್ನು (ಲಿವರ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಹಿಡಿದಿರುವ ಎರಡು ಬೋಲ್ಟ್ ಬಿಚ್ಚಿ. ಪೈಪ್ ಮುಟ್ಟಬೇಡಿ, ಆಯಿಲ್ ಡಬ್ಬಿ ನೆಟ್ಟಗೇ ಇರಲಿ. ಸಲಾಕೆ ತುಂಡನ್ನು ಹ್ಯಾಂಡಲ್ ಮೇಲಿಟ್ಟು, ಮಾಸ್ಟರನ್ನು ಅದರ ಮೇಲೆ ಹಿಡಿದು, ಇನ್ನೊಬ್ಬರ ಹತ್ತಿರ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಲು ಹೇಳಿ. ಪೈಪ್ ಎಲ್ಲಿ ಬಿಗಿಯುತ್ತದೆ, ಎಲ್ಲಿ ಮಡಚುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಎಡಗಡೆ ಕ್ಲಚ್ ಕೇಬಲಿಗೂ ಹೀಗೇ ಮಾಡಿ. ಸ್ವಿಚ್ ವಯರ್ ಬಿಗಿಯಾಗಿದೆ ಅನಿಸಿದರೆ ಗಾಬರಿ ಬೇಡ. ಫೇರಿಂಗ್ (ಗಾಡಿಯ ಮುಂಭಾಗದ ಹೊದಿಕೆ) ಒಳಗೆ ಅದನ್ನು ಕಟ್ಟಿರುವ ಟ್ಯಾಗ್ ಬಿಚ್ಚಿ ದಾರಿ ಬದಲಿಸಿದರೆ ಎರಡು ಮೂರು ಸೆಂಟಿಮೀಟರ್ ಸಿಗುವುದುಂಟು.

ಬ್ರೇಕ್ ಪೈಪ್ ಬಿಗಿದರೆ? ಎತ್ತರ ಕಡಿಮೆ ಮಾಡಿ. ನನ್ನ ಸಲಹೆ ಇದೊಂದೇ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕಿಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಮುಂದಿನ ಬ್ರೇಕಿನ ಪೈಪ್ ಮಾಸ್ಟರಿನಿಂದ ಎಬಿಎಸ್ ಯೂನಿಟ್ಟಿಗೆ ಹೋಗಿ ಅಲ್ಲಿಂದ ಚಕ್ರಕ್ಕೆ ಇಳಿಯುತ್ತದೆ. ಆ ಪೈಪ್ ಬಿಚ್ಚಿದರೆ ಗಾಳಿ ಒಳಗೆ ಹೋಗುತ್ತದೆ. ಯೂನಿಟ್ಟಿನೊಳಗೆ ಸಿಕ್ಕಿದ ಗಾಳಿಯನ್ನು ಮನೆಯಂಗಳದಲ್ಲಿ ಲಿವರ್ ಒತ್ತಿ ತೆಗೆಯಲು ಆಗದೆ, ಕಂಪ್ಯೂಟರ್ ಇರುವ ವರ್ಕ್‌ಶಾಪಿಗೇ ಹೋಗಬೇಕಾಗಿ ಬರಬಹುದು. ಉದ್ದದ ಪೈಪ್ ಹಾಕಲೇಬೇಕಿದ್ದರೆ ಆ ಕೆಲಸ ಸರ್ವಿಸ್ ಸೆಂಟರಿನವರೇ ಮಾಡಲಿ. ಪೈಪನ್ನು ಜೋಡಿಸುವ ಬ್ಯಾಂಜೋ ಬೋಲ್ಟಿನಲ್ಲಿ, ಪೈಪಿನ ತುದಿಯ ಎರಡೂ ಬದಿಗೆ ಹೊಸ ವಾಷರ್ ಹಾಕಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲಿನ ಸಣ್ಣ ಬಾಟಲಿಯ ಸೀಲನ್ನು ನಿಮ್ಮ ಕಣ್ಣೆದುರೇ ಒಡೆಸಿ. ಆ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಬಾಟಲಿಯನ್ನು ನಂಬುವ ಹಾಗಿಲ್ಲ.

ಇನ್ನು ಪಾರ್ಟ್. ಬೇಕಾಗಿರುವುದು ಎತ್ತರದ ಕ್ಲಿಪ್‌ಆನ್, ಅಂದರೆ ಎಡಕ್ಕೊಂದು ಬಲಕ್ಕೊಂದು ಬೇರೆಯಾಗಿ ಕೂರುವ ಹ್ಯಾಂಡಲ್. ಮುಂದಿನ ಶಾಕಿನ (ಸಸ್ಪೆನ್ಷನ್) ಕೊಳವೆಯನ್ನು ಹಿಡಿಯುವ ಬಳೆ ಕೆಳಗೆ, ಹ್ಯಾಂಡಲ್ ಕೊಳವೆ ಅದಕ್ಕಿಂತ ಮೇಲೆ ಇರುವಂಥದ್ದು. ಬಳೆಯ ಅಳತೆ ಸರಿಯಾಗಿ ಹೊಂದಲೇಬೇಕು. ಒಂದೇ ಮಾಡೆಲ್ಲಿನ ಬೇರೆ ಬೇರೆ ವರ್ಷದ ಗಾಡಿಗಳಲ್ಲೂ ಶಾಕಿನ ದಪ್ಪ ಬೇರೆ ಇರುವುದುಂಟು. ಅಂಗಡಿಯವರು ಏನೇ ಹೇಳಲಿ, ವರ್ನಿಯರ್ ಇಟ್ಟು ನೀವೇ ಅಳೆಯಿರಿ. ದೊಡ್ಡ ಬಳೆಗೆ ತಗಡಿನ ತುಂಡು ಸೇರಿಸಿ ಬಿಗಿ ಮಾಡುವುದು ಬೇಡವೇ ಬೇಡ. ಎರಡು ಶಾಕಿನ ತುದಿಗಳನ್ನು ಜೋಡಿಸುವ ಕಂಪನಿಯ ಮೇಲಿನ ಟಿ ಪ್ಲೇಟಿಗೆ ತೂತು ಹೊಡೆದು ಸಾದಾ ಹ್ಯಾಂಡಲ್ ಕೂರಿಸುವವರೂ ಇದ್ದಾರೆ. ಅದು ಸಾಮಾನ್ಯವಾಗಿ ಎರಕದ ಅಲ್ಯೂಮಿನಿಯಂ. ತೂತಿನ ಅಂಚಿನಿಂದ ಬಿರುಕು ಬಿಟ್ಟರೆ ಹ್ಯಾಂಡಲ್ ಕೈಗೇ ಬರುತ್ತದೆ.

ಕೆಲಸಕ್ಕೆ ಹಿಂದಿನ ಚಕ್ರವನ್ನು ಪ್ಯಾಡಾಕ್ ಸ್ಟ್ಯಾಂಡಿನ (ಚಕ್ರ ಎತ್ತಿ ಗಾಡಿಯನ್ನು ನೆಟ್ಟಗೆ ಹಿಡಿಯುವ ಸ್ಟ್ಯಾಂಡ್) ಮೇಲೆ ನಿಲ್ಲಿಸಿ. ಟ್ಯಾಂಕಿಗೆ ದಪ್ಪ ಬೈರಾಸು (ಟವೆಲ್) ಹೊದೆಸಿ. ಬ್ರೇಕ್ ಆಯಿಲಿನ ಒಂದು ಹನಿ ಬಿದ್ದರೂ ಬಣ್ಣ ಎದ್ದು ಬರುತ್ತದೆ, ಬಿದ್ದರೆ ತಕ್ಷಣ ನೀರು ಹೊಯ್ಯಿರಿ. ವಯರ್, ಕೇಬಲ್ ಹೋಗಿರುವ ದಾರಿಯ ಫೋಟೊ ತೆಗೆದಿಡಿ. ಶಾಕಿನ ತುದಿ ಟಿ ಪ್ಲೇಟಿನಿಂದ ಎಷ್ಟು ಮೇಲಿದೆ ಎಂದು ಎರಡೂ ಕಡೆ ಅಳೆದು ಬರೆದುಕೊಳ್ಳಿ. ಕೆಲಸ ಮುಗಿದಾಗ ಆ ಅಳತೆ ಹಾಗೇ ಇರಬೇಕು, ಇಲ್ಲದಿದ್ದರೆ ಗಾಡಿ ತಿರುಗುವ ರೀತಿಯೇ ಬದಲಾಗುತ್ತದೆ. ಕ್ಲಿಪ್‌ಆನ್ ಟಿ ಪ್ಲೇಟಿನ ಕೆಳಗೆ ಇರುವ ಗಾಡಿಯಾದರೆ ಮೇಲಿನ ಪ್ಲೇಟ್ ಬಿಚ್ಚಬೇಕಾಗುತ್ತದೆ. ಆಗ ಕೆಳಗಿನ ಟಿಯ ಬೋಲ್ಟ್ ಮುಟ್ಟಬೇಡಿ, ಶಾಕ್ ನಿಂತಿರುವುದು ಅದರ ಹಿಡಿತದಲ್ಲಿ.

ಗ್ರಿಪ್ ತೆಗೆಯಲು ಸೋಪುನೀರಿಗಿಂತ ಸ್ಪಿರಿಟ್ ಒಳ್ಳೆಯದು. ಸೋಪು ಒಳಗೆ ಉಳಿದರೆ ಮಳೆಯಲ್ಲಿ ಗ್ರಿಪ್ ತಿರುಗುತ್ತದೆ, ಸ್ಪಿರಿಟ್ ಆರಿಹೋಗುತ್ತದೆ. ಸ್ವಿಚ್ ಬಾಕ್ಸನ್ನು ಎರಡು ಹೋಳು ಮಾಡಿದಾಗ ಒಳಗೆ ಒಂದು ಸಣ್ಣ ಮೊಳೆ ಕಾಣುತ್ತದೆ. ಅದು ಹ್ಯಾಂಡಲ್ ಕೊಳವೆಯ ತೂತಿನಲ್ಲಿ ಕೂತು ಬಾಕ್ಸ್ ತಿರುಗದಂತೆ ತಡೆಯುತ್ತದೆ. ಹೊಸ ಕೊಳವೆಯಲ್ಲಿ ತೂತು ಇಲ್ಲದಿದ್ದರೆ ಮೊಳೆಯನ್ನೇ ಕತ್ತರಿಸಿ ಕೂರಿಸುವ ಮೆಕ್ಯಾನಿಕ್‌ಗಳಿದ್ದಾರೆ. ಒಪ್ಪಬೇಡಿ. ಆ್ಯಕ್ಸಿಲರೇಟರಿನ ಬಾಕ್ಸ್ ತಿರುಗಿದರೆ ಕೇಬಲ್ ಎಳೆದು ಗಾಡಿ ತಾನಾಗಿ ರೇಸ್ ಆಗಬಹುದು. ಲಿವರ್ ಜಾಗ ಸರಿ ಕಂಡ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಮೊಳೆಯ ಗಾತ್ರಕ್ಕೇ ಡ್ರಿಲ್ ಮಾಡಿ, ಅಂಚನ್ನು ಅರದಿಂದ ಉಜ್ಜಿ.

ಬೋಲ್ಟುಗಳನ್ನು ಸರ್ವಿಸ್ ಮ್ಯಾನುಯಲ್ಲಿನ ಲೆಕ್ಕಕ್ಕೆ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಬ್ರೇಕ್ ಆಯಿಲ್ ಡಬ್ಬಿ ಮಟ್ಟವಾಗಿರಲಿ.

ಎಂಜಿನ್ ಶುರು ಮಾಡುವ ಮೊದಲು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಹೆಬ್ಬೆರಳಿಗೂ ಟ್ಯಾಂಕಿಗೂ ನಡುವೆ ಒಂದು ಬೆರಳಿನ ಸಂದು ಬೇಕು. ಲಿವರ್ ಫೇರಿಂಗಿಗೆ ತಾಗಬಾರದು. ಆ್ಯಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಟಪ್ ಅಂತ ವಾಪಸ್ ಬರಬೇಕು, ಹ್ಯಾಂಡಲ್ ಯಾವ ಕಡೆ ಇದ್ದರೂ. ಆಮೇಲೆ ಎಂಜಿನ್ ಶುರು ಮಾಡಿ, ನ್ಯೂಟ್ರಲ್ಲಿನಲ್ಲಿಟ್ಟು ಮತ್ತೆ ತಿರುಗಿಸಿ. ಒಂದು ಬದಿಯಲ್ಲಿ ಎಂಜಿನ್ ಸದ್ದು ಸ್ವಲ್ಪ ಏರಿದರೂ ಕೇಬಲ್ ಬಿಗಿದಿದೆ ಎಂದರ್ಥ. ಗಾಡಿ ರಸ್ತೆಗೆ ಇಳಿಯುವುದು ಅದು ಸರಿಯಾದ ಮೇಲೆ ಮಾತ್ರ.

ಮೊದಲು ಮನೆಯ ಹತ್ತಿರದ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಮುಂದಿನ ಬ್ರೇಕ್ ಹಿಡಿದು ನೋಡಿ. ಮುಂದಿನ ಚಕ್ರಕ್ಕೆ ಭಾರ ತುಸು ಕಡಿಮೆಯಾಗಿರುವುದರಿಂದ ಹ್ಯಾಂಡಲ್ ಹಗುರ ಅನಿಸುತ್ತದೆ. ಸೀತಾಂಗೋಳಿ ಕಡೆಯಿಂದ ಇಳಿದು ಕುಂಬಳೆಯಲ್ಲಿ ಹೆದ್ದಾರಿ 66 ಹತ್ತಿದರೆ ಎದೆಗೆ ಗಾಳಿಯೂ ಮೊದಲಿಗಿಂತ ಜಾಸ್ತಿ ಹೊಡೆಯುತ್ತದೆ. ನೀವು ಕೂರುವ ಎತ್ತರ ಬದಲಾಗಿರುವುದರಿಂದ ಕನ್ನಡಿಗಳನ್ನು ಮತ್ತೆ ಹೊಂದಿಸಿಕೊಳ್ಳಿ. ತಿರುಗಿ ಬಂದ ಮೇಲೆ ಟಾರ್ಕ್ ರೆಂಚ್ ಹಿಡಿದು ಬಳೆಯ ಬೋಲ್ಟುಗಳನ್ನು ಇನ್ನೊಂದು ಸಲ ಪರೀಕ್ಷಿಸಿ. ಹಳೆಯ ಕ್ಲಿಪ್‌ಆನ್‌ಗಳಿಗೆ ಎಣ್ಣೆ ಸವರಿ, ಬೋಲ್ಟ್ ಸಮೇತ ಒಂದೇ ಚೀಲದಲ್ಲಿ ಕಟ್ಟಿಡಿ. ಆರ್‌ಟಿಒದವರು ಮೊದಲಿನಂತೆ ಮಾಡಿ ತನ್ನಿ ಅಂದರೆ, ಅಥವಾ ಗಾಡಿ ಮಾರುವಾಗ, ಅದು ಬೇಕೇ ಬೇಕಾಗುತ್ತದೆ.