ವಿಜ್ಞಾನದಲ್ಲಿ ಬಿಟ್ಟುಹೋದದ್ದನ್ನು ಭೂಗೋಳದಲ್ಲಿ ಕಲಿಸುವುದು ಹೇಗೆ?

2023ರಲ್ಲಿ ಬಂದ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಧಾತುಗಳ ಆವರ್ತ ವರ್ಗೀಕರಣ, ಶಕ್ತಿಯ ಆಕರಗಳು, ನೈಸರ್ಗಿಕ ಸಂಪನ್ಮೂಲಗಳ ನಿರ್ವಹಣೆ ಎಂಬ ಪೂರ್ತಿ ಅಧ್ಯಾಯಗಳೇ ಇಲ್ಲ. ಜೀವವಿಕಾಸದ ಭಾಗವನ್ನೂ ತೆಗೆದರು. ಮಕ್ಕಳ ಹೊರೆ ಇಳಿಸಬೇಕೆಂಬ ಉದ್ದೇಶ ಸರಿಯೇ. ಆದರೆ ಹತ್ತರ ನಂತರ ಕಲೆ, ವಾಣಿಜ್ಯಕ್ಕೆ ಹೋಗುವವರಿಗೆ ಇವನ್ನು ತರಗತಿಯಲ್ಲಿ ಕಲಿಯುವ ಅವಕಾಶ ಮತ್ತೆ ಸಿಗುವುದು ಕಷ್ಟ. ಹಾಗಾಗಿ ಶಿಕ್ಷಕರು ಮಾಡಬಹುದಾದ ಕೆಲಸವೊಂದಿದೆ.

ಮೊದಲು ಹಳೆಯ ಮತ್ತು ಹೊಸ ಪುಸ್ತಕಗಳನ್ನು ಜೊತೆಗಿಟ್ಟುಕೊಂಡು ಓದಿ. ಪರಿವಿಡಿ ನೋಡಿದರೆ ಸಾಲದು, ಅಧ್ಯಾಯದೊಳಗೂ ಕತ್ತರಿ ಬಿದ್ದಿರುತ್ತದೆ. ವಿದ್ಯುತ್ಕಾಂತೀಯ ಪ್ರೇರಣೆ (ಕಾಂತದ ಚಲನೆಯಿಂದ ತಂತಿಯಲ್ಲಿ ವಿದ್ಯುತ್ ಹುಟ್ಟುವುದು) ಮತ್ತು ವಿದ್ಯುತ್ ಜನಕ, ಅಂದರೆ ಜನರೇಟರ್, ಹೋದದ್ದು ಹೀಗೆಯೇ. ರಾಜ್ಯ ಪಠ್ಯಕ್ರಮದ ಶಾಲೆಯವರು ಈ ವರ್ಷ ಕೈಗೆ ಬಂದ ಪುಸ್ತಕವನ್ನೇ ಆಧಾರವಾಗಿಟ್ಟುಕೊಳ್ಳಿ.

ಆಮೇಲೆ ಸಮಾಜ ವಿಜ್ಞಾನದ ಶಿಕ್ಷಕರೊಂದಿಗೆ ಕೂತು ವಾರ್ಷಿಕ ಪಾಠ ಯೋಜನೆ ಹೊಂದಿಸಿ. ಭೂಗೋಳದಲ್ಲಿ ಖನಿಜ ಮತ್ತು ಶಕ್ತಿ ಸಂಪನ್ಮೂಲಗಳ ಪಾಠ ಇದ್ದೇ ಇದೆ. ಶರಾವತಿ, ರಾಯಚೂರು, ಕೈಗಾ, ಪಾವಗಡ ಎಂದು ವಿದ್ಯುತ್ ಕೇಂದ್ರಗಳನ್ನು ಮಕ್ಕಳು ನಕ್ಷೆಯಲ್ಲಿ ಗುರುತಿಸುತ್ತಾರೆ. ನೀರು ಬಿದ್ದರೆ ಕರೆಂಟು ಹೇಗೆ ಬರುತ್ತದೆಂದು ಕೇಳಿದರೆ ಉತ್ತರವಿಲ್ಲ! ನನಗೆ ತೀರಾ ನೋವಾಗುವುದು ಇಲ್ಲೇ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ನಾಡು ನಮ್ಮದು.

ಆ ಪಾಠದ ವಾರದಲ್ಲೇ ವಿಜ್ಞಾನದ ಒಂದು ಪಿರಿಯಡ್ ಇಟ್ಟುಕೊಳ್ಳಿ. ತಾಮ್ರದ ತಂತಿಯ ಸುರುಳಿಗೆ ಗ್ಯಾಲ್ವನೋಮೀಟರ್ (ಸಣ್ಣ ವಿದ್ಯುತ್ ಪ್ರವಾಹವನ್ನೂ ಮುಳ್ಳಿನಿಂದ ತೋರಿಸುವ ಉಪಕರಣ) ಜೋಡಿಸಿ, ದಂಡಕಾಂತವನ್ನು ಒಳಗೆ ತಳ್ಳಿ. ಮುಳ್ಳು ಒಂದು ಕಡೆ ವಾಲುತ್ತದೆ. ಹೊರಗೆಳೆದರೆ ಇನ್ನೊಂದು ಕಡೆ. ಕಾಂತವನ್ನು ಅಲ್ಲಾಡಿಸದೆ ಹಿಡಿದರೆ ಮುಳ್ಳು ಸೊನ್ನೆಗೆ ಬರುತ್ತದೆ. ಇದನ್ನು ಮಕ್ಕಳ ಕೈಯಿಂದಲೇ ಮಾಡಿಸಿ. ವಿದ್ಯುತ್ ಜನಕದಲ್ಲಿ ಕಾಂತ ಅಥವಾ ಸುರುಳಿ ತಿರುಗುತ್ತಲೇ ಇರುತ್ತದೆ ಎಂದು ಹೇಳಿ, ನಂತರ ಕೇಳಿ: ಶರಾವತಿಯಲ್ಲಿ ತಿರುಗಿಸುವ ಕೆಲಸ ಯಾರದು? ರಾಯಚೂರಿನಲ್ಲಿ? ನೀರು, ಕಲ್ಲಿದ್ದಲಿನ ಉಗಿ ಎಂದು ಅವರೇ ಹೇಳುತ್ತಾರೆ. ಪಾವಗಡದಲ್ಲಿ ತಿರುಗುವುದು ಏನೂ ಇಲ್ಲ ಎಂದು ಒಬ್ಬರಾದರೂ ಹೇಳಿದರೆ ಸೌರಕೋಶದ ಮಾತು ಅಲ್ಲಿಂದಲೇ ಶುರುವಾಗಲಿ.

ಲೋಹಗಳ ಪಾಠಕ್ಕೂ ಇದೇ ದಾರಿ. ಸಂಡೂರಿನ ಕಬ್ಬಿಣ ಆಕ್ಸೈಡ್ ಅದಿರಾಗಿ ಸಿಗುತ್ತದೆ, ಹಟ್ಟಿಯ ಚಿನ್ನ ಬಹುತೇಕ ಲೋಹವಾಗಿಯೇ ಸಿಗುತ್ತದೆ. ಯಾವ ಲೋಹ ಎಷ್ಟು ಸುಲಭವಾಗಿ ಬೇರೆ ಧಾತುಗಳೊಂದಿಗೆ ಸೇರುತ್ತದೆ ಎಂದು ಹೇಳುವ ಕ್ರಿಯಾಶೀಲತೆಯ ಶ್ರೇಣಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ಆವರ್ತ ಕೋಷ್ಟಕದ ಪಟವನ್ನು ಗೋಡೆಯಿಂದ ಇಳಿಸಬೇಡಿ. ಕಾರ್ಬನ್ ಪಾಠದಲ್ಲಿ ವೇಲೆನ್ಸಿ (ಪರಮಾಣುವಿನ ಬಂಧ ಕಟ್ಟುವ ಸಾಮರ್ಥ್ಯ) ಬಂದಾಗ ಬೇಕಾಗುತ್ತದೆ.

ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಇದು ಪರೀಕ್ಷೆಗಲ್ಲ ಎಂದು ಮಕ್ಕಳಿಗೂ ಪೋಷಕರಿಗೂ ಮೊದಲೇ ತಿಳಿಸಿ. ಟಿಪ್ಪಣಿ ಬರೆಸಬೇಡಿ.