ಊಜಿ ನೊಣದಿಂದ ರೇಷ್ಮೆ ಹುಳುಗಳ ರಕ್ಷಣೆ

ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಪರಾವಲಂಬಿ ಊಜಿ ನೊಣ ಮಂಡ್ಯ, ಮೈಸೂರು ಸೀಮೆಯ ರೇಷ್ಮೆ ಬೆಳೆಗಾರರನ್ನು ಇಂದಿಗೂ ಕಾಡುತ್ತಿರುವುದರಿಂದ, ಹುಳು ಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಕಟ್ಟುವುದು ಮೊದಲ ಕೆಲಸವಾಗಬೇಕು.

ಮೂರನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಹುಳುಗಳನ್ನು ದಿನವೂ ಬೆಳಕಿನಲ್ಲಿ ಪರೀಕ್ಷಿಸಬೇಕು. ಊಜಿ ತಗುಲಿದ ಹುಳುವಿನ ಮೈಮೇಲೆ ಗುಂಡುಸೂಜಿಯ ತಲೆಯಷ್ಟಿರುವ, ಕೆನೆಬಣ್ಣದ ನೊಣದ ಮೊಟ್ಟೆ ಅಂಟಿಕೊಂಡಿರುತ್ತದೆ. ಕೆಲವು ದಿನಗಳಲ್ಲಿ ಅದರಿಂದ ಹೊರಬಂದ ಮರಿ ಚರ್ಮ ಕೊರೆದು ಒಳಹೊಕ್ಕ ಜಾಗದಲ್ಲಿ ಕಪ್ಪು ಕಲೆ ಮೂಡುತ್ತದೆ. ಅಂಥ ಹುಳುವನ್ನು ಬೇರ್ಪಡಿಸಲೇಬೇಕು, ಏಕೆಂದರೆ ಅದು ಗೂಡು ಕಟ್ಟಿದರೂ ಊಜಿ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತುಬಿದ್ದ ಗೂಡು ನೂಲು ಬಿಚ್ಚಲು ಬಾರದು.

ಹೊರಬಿದ್ದ ಮರಿಗಳು ಕತ್ತಲ ಮೂಲೆ, ನೆಲದ ಬಿರುಕುಗಳಲ್ಲಿ ಸೇರಿ ಒಂದು ದಿನದೊಳಗೆ ಕೋಶವಾಗುತ್ತವೆ (ನೊಣವಾಗುವ ಮುಂಚಿನ ಸ್ಥಿತಿ). ಹುಳುಗಳು ಗೂಡು ಕಟ್ಟುವ ಚಂದ್ರಿಕೆಗಳ ಕೆಳಗೆ ಗುಡಿಸಿ, ಸಿಕ್ಕಿದ್ದನ್ನೆಲ್ಲ ಸೋಪಿನ ನೀರಿಗೆ ಹಾಕಬೇಕು; ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಬೇಕು.

ಬೆಳೆಗಾರರು ಹೆಚ್ಚು ಗಮನ ಕೊಡಬೇಕಾದದ್ದು ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜಕ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಊಜಿಯ ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಈ ಕಣಜಗಳ ಚೀಲವನ್ನು ರೇಷ್ಮೆ ಹುಳುಗಳು ಐದನೇ ಹಂತದಲ್ಲಿ (ಗೂಡು ಕಟ್ಟುವ ಮುಂಚಿನ ಕೊನೆಯ ಹಂತ) ಇರುವಾಗ ಹುಳು ಮನೆಯೊಳಗೆ ಕಟ್ಟಿ, ಗೂಡು ಬಿಡಿಸಿದ ಮೇಲೆ ತಿಪ್ಪೆಗುಂಡಿಯ ಬಳಿಗೆ ಸಾಗಿಸಬೇಕು. ಕಣಜ ರೇಷ್ಮೆ ಹುಳುವಿನ ಗೊಡವೆಗೆ ಹೋಗುವುದಿಲ್ಲ. ಕೀಟನಾಶಕ ಸಿಂಪಡಿಸಿದರೆ ಮಾತ್ರ ಎರಡೂ ಸಾಯುತ್ತವೆ.