ಲ್ಯಾಟಿನ್ ಪದದ ಬಾಲ ಹಿಡಿಯುವುದು ಹೇಗೆ?

ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದವರಿಗೆ ಲ್ಯಾಟಿನ್ ಅಷ್ಟೇನೂ ಹೊಸದಲ್ಲ. ‘ಅಗ್ರಿಕೊಲ ಪುಎಲ್ಲಂ ವಿದೆತ್’ ಅಂದರೆ ರೈತ ಹುಡುಗಿಯನ್ನು ನೋಡುತ್ತಾನೆ. ‘ಅಗ್ರಿಕೊಲಂ ಪುಎಲ್ಲ ವಿದೆತ್’ ಅಂದರೆ ಹುಡುಗಿಯೇ ರೈತನನ್ನು ನೋಡುತ್ತಾಳೆ. ಪದಗಳು ಇದ್ದಲ್ಲೇ ಇವೆ, ಸೊನ್ನೆ ಮಾತ್ರ ಜಾಗ ಬದಲಿಸಿದೆ. ಸಂಸ್ಕೃತದ ‘ರಾಮಂ’ ನೆನಪಾಯ್ತಲ್ವಾ? ಎರಡೂ ಒಂದೇ ಭಾಷಾ ಕುಟುಂಬದವು.

ಮೊದಲು ನಿಘಂಟು ತೆಗೆಯಿರಿ. ಪ್ರತಿ ನಾಮಪದಕ್ಕೂ ಪ್ರಥಮಾ, ಷಷ್ಠಿ ಎರಡೂ ರೂಪ ಕೊಟ್ಟಿರುತ್ತಾರೆ. ಎರಡನ್ನೂ ಜೊತೆಗೇ ಕಲಿಯಿರಿ. ಮೊದಲನೆಯದನ್ನಷ್ಟೇ ನಂಬಿದರೆ ಕೆಲಸ ಕೆಟ್ಟಿತು. ಸೆರ್ವುಸ್ (ಆಳು), ಮನುಸ್ (ಕೈ), ಕೊರ್ಪುಸ್ (ದೇಹ) ಮೂರೂ ನೋಡಲು ಒಂದೇ ಥರ. ಷಷ್ಠಿಯಲ್ಲಿ ಅವು ಸೆರ್ವೀ, ಮನೂಸ್, ಕೊರ್ಪೊರಿಸ್!

ಈಗ ಗುಂಪು ಗುರುತಿಸಿ. ಇರುವುದು ಐದೇ. ಷಷ್ಠಿ ಏಕವಚನ ‘ಐ’ ಎಂದು ಮುಗಿದರೆ ಒಂದನೆಯದು, ‘ಈ’ ಎರಡು, ‘ಇಸ್’ ಮೂರು, ‘ಊಸ್’ ನಾಲ್ಕು, ‘ಏಈ’ ಐದು. ಕೊನೆಯ ಎರಡರಲ್ಲಿ ಪದಗಳು ಕಡಿಮೆ, ಆಮೇಲೆ ನೋಡಿಕೊಂಡರಾಯ್ತು. ಮೂರನೆಯದರಲ್ಲೇ ಜಾಸ್ತಿ ಪೇಚಾಟ.

ಆ ಷಷ್ಠಿಯ ಬಾಲ ಕತ್ತರಿಸಿ. ರೇಕ್ಸ್ (ರಾಜ) ಷಷ್ಠಿಯಲ್ಲಿ ರೇಗಿಸ್. ‘ಇಸ್’ ತೆಗೆದರೆ ಉಳಿಯುವುದು ‘ರೇಗ್’. ಅದಕ್ಕೆ ಪ್ರತ್ಯಯ ಹಚ್ಚುತ್ತಾ ಹೋಗಿ: ರೇಗೆಂ ರಾಜನನ್ನು, ರೇಗೀ ರಾಜನಿಗೆ. ರೇಕ್ಸ್ ಅನ್ನೇ ಹಿಡಿದುಕೊಂಡಿದ್ದರೆ ಆ ‘ಗ’ ಸಿಗುತ್ತಲೇ ಇರಲಿಲ್ಲ.

ನಪುಂಸಕಲಿಂಗದಲ್ಲಿ ಒಂದು ಅನುಕೂಲವಿದೆ. ಪ್ರಥಮಾ, ದ್ವಿತೀಯಾ ಎರಡಕ್ಕೂ ಒಂದೇ ರೂಪ. ನಾವೂ ‘ಪುಸ್ತಕ ಓದಿದೆ’ ಅಂತ ‘ಅನ್ನು’ ಬಿಟ್ಟೇ ಮಾತಾಡುತ್ತೇವಲ್ಲ! ಕೋರ್ಟ್ ಸುದ್ದಿಯಲ್ಲಿ ಬರುವ ‘ಹೇಬಿಯಸ್ ಕಾರ್ಪಸ್’ನ ಕಾರ್ಪಸ್ (ಮೇಲೆ ಬಂದ ಕೊರ್ಪುಸ್ಸೇ, ದೇಹ) ದ್ವಿತೀಯಾ ವಿಭಕ್ತಿಯಲ್ಲೇ ಇದೆ. ರೂಪ ನೋಡಿದರೆ ಗೊತ್ತಾಗುವುದಿಲ್ಲ, ‘ಹೇಬಿಯಸ್’ (ನೀನು ಹೊಂದಿರಬೇಕು) ಎಂಬ ಕ್ರಿಯಾಪದ ನೋಡಬೇಕು.

ಅಭ್ಯಾಸಕ್ಕೆ ಗಿಡಮರಗಳ ವೈಜ್ಞಾನಿಕ ಹೆಸರು ಹಿಡಿಯಿರಿ. ವಿಶೇಷಣ ನಾಮಪದದ ಲಿಂಗವನ್ನೇ ಅನುಸರಿಸುತ್ತದೆ. ಶ್ರೀಗಂಧ ‘ಸ್ಯಾಂಟಲಂ ಆಲ್ಬಂ’, ಎರಡೂ ನಪುಂಸಕ. ಅರಳಿ ಮಾತ್ರ ‘ಫೈಕಸ್ ರಿಲಿಜಿಯೋಸಾ’. ‘ಅಸ್’ ನೋಡಿ ಪುಲ್ಲಿಂಗ ಅಂದುಕೊಳ್ಳಬೇಡಿ, ಲ್ಯಾಟಿನ್‌ನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ. ಹುಣಸೆ ‘ಟ್ಯಾಮರಿಂಡಸ್ ಇಂಡಿಕಾ’. ‘ಇಂಡಿಕಸ್’ ಯಾಕಲ್ಲ ಅಂತ ಈಗ ನೀವೇ ಹೇಳಿ.